ರಾಜು ತಾಳಿಕೋಟಿ ಅವರ ಬಗ್ಗೆ ಮಾತಾಡಬೇಕು, ಎಲ್ಲಿಂದ ಶುರು ಮಾಡಲಿ?

ಹಾವೇರಿ ಹುಡುಗಿ:
ನಮಸ್ಕಾರ ರೀ ಎಲ್ಲರಿಗೂ. ನಮ್ಮ ಕಾಲೇಜಿನ ಕನ್ನಡ ಸಂಘದಲ್ಲಿ ನಾಟಕ, ಸಿನಿಮಾಗಳ ಹಾಸ್ಯನಟ ರಾಜು ತಾಳಿಕೋಟಿ ಅವರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ನಾನು ಅವರನ್ನು ನೋಡಿದ್ದು 'ಮನಸಾರೆ', 'ಪಂಚರಂಗಿ' ಸಿನಿಮಾಗಳಲ್ಲಿ, ಆಮೇಲೆ ಬಿಗ್ ಬಾಸ್ ಏಳನೇ ಸೀಸನ್‌ನಲ್ಲಿ, ಅಷ್ಟೇ. ಅಪ್ಪನ ಹತ್ತಿರ ಅವರ ಹೆಸರು ತೆಗೆದರೆ ಸಾಕು, ಸಿನಿಮಾ ಬಿಟ್ಟು ಕ್ಯಾಸೆಟ್ಟಿನ ಮಾತೇ ಎತ್ತುತ್ತಾರೆ. ಸಿನಿಮಾದಿಂದ ಶುರು ಮಾಡಲಾ, ನಾಟಕದಿಂದಲಾ?

ಧಾರವಾಡ ಪೇಢೆ:
ನಾಟಕದಿಂದಲೇ ಶುರು ಮಾಡು ತಂಗಿ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಅಪ್ಪ ಹೇಳುವುದು 'ಕಲಿಯುಗದ ಕುಡುಕ' ನಾಟಕದ ಕ್ಯಾಸೆಟ್ ಇರಬೇಕು. ನಮ್ಮ ಕಡೆ ಅದು ಕೇಳಿಸದ ಚಹಾ ಅಂಗಡಿ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಮುಖ ಕಾಣುವುದಿಲ್ಲ, ಕೈಕಾಲು ಕಾಣುವುದಿಲ್ಲ, ಬರೀ ದನಿ. ಕುಡುಕನ ನಾಲಿಗೆ ತೊಡರುವುದು, ನಡುವೆ ಸುಮ್ನಾಗುವುದು, ಮತ್ತೆ ಒಮ್ಮೆಲೇ ಬುದ್ಧಿ ಬಂದವನ ಹಾಗೆ ಮಾತಾಡುವುದು, ಎಲ್ಲವನ್ನೂ ಆ ದನಿಯಲ್ಲೇ ಮಾಡಿ ಜನರನ್ನು ನಗಿಸಿದರು. ಸಿನಿಮಾದವರು ಅವರಿಗೆ ಕೊಟ್ಟಿದ್ದು ಸಣ್ಣ ಸಣ್ಣ ಪಾತ್ರ. 'ಮನಸಾರೆ' ಬಂದಿದ್ದು 2009ರಲ್ಲಿ, ಅಷ್ಟೊತ್ತಿಗಾಗಲೇ ಅವರು ಉತ್ತರ ಕರ್ನಾಟಕದ ಮನೆಮಾತು. ಬೆಂಗಳೂರಿನವರು ಹೊಸ ಹಾಸ್ಯನಟ ಸಿಕ್ಕ ಅಂದುಕೊಂಡರು, ನಮಗೆ ಹಳೇ ಪರಿಚಯ.

ಗದಗ ಗಾಡಿ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಅವರದು ವಿಜಯಪುರ ಜಿಲ್ಲೆ, ಮನೆಯವರದ್ದೇ ನಾಟಕ ಕಂಪನಿ, ಅಂದರೆ ಊರೂರಿಗೆ ಹೋಗಿ ಟೆಂಟ್ ಹಾಕಿ ಟಿಕೆಟ್ ಇಟ್ಟು ನಾಟಕ ಆಡುವ ತಂಡ. ಮುಸ್ಲಿಂ ಕುಟುಂಬ, ಕಂಪನಿಗೆ ಇಟ್ಟುಕೊಂಡ ಹೆಸರು ತಾಳಿಕೋಟಿಯ ಮಠದ ಸಂತ ಖಾಸ್ಗತೇಶ್ವರರದು. ಇದನ್ನು ಖಂಡಿತ ಹೇಳಬೇಕು ನೀವು.

ಕಂಪನಿಯಲ್ಲಿ ಹಾಸ್ಯ ಪಾತ್ರದ ಕಷ್ಟ ಬೇರೆಯೇ ಇರುತ್ತದೆ. ಹಿಂದೆ ಸೀನರಿ ಬದಲಾಯಿಸುತ್ತಿರುತ್ತಾರೆ, ಮುಂದೆ ಪರದೆ ಬಿಟ್ಟಿರುತ್ತಾರೆ, ಆ ಹೊತ್ತಿನಲ್ಲಿ ಜನ ಎದ್ದು ಹೋಗದ ಹಾಗೆ ಹಿಡಿದಿಡುವವನೇ ಹಾಸ್ಯದವನು. ಹಿಂದೆ ಕೆಲಸ ಮುಗಿಯಲಿಲ್ಲವೆಂದರೆ ಮಾತು ಬೆಳೆಸಬೇಕು, ಬರೆದದ್ದು ಮುಗಿದಿದ್ದರೂ ಸರಿ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಎಷ್ಟೋ ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟ್ ಹಾಕಿರುತ್ತವೆ, ಇಲ್ಲಿ ನಗು ಬರಲಿಲ್ಲವೆಂದರೆ ಜನ ನಾಳೆ ಪಕ್ಕದ ಟೆಂಟಿಗೆ. ಅಲ್ಲಿ ಪಳಗಿದವರಿಗೆ ಕ್ಯಾಮೆರಾ ಮುಂದೆ ಎರಡು ನಿಮಿಷ ಸಿಕ್ಕರೂ ಸಾಕು.

ಹಳೇ ಹುಬ್ಬಳ್ಳಿ:
ಅವರ ಬಗ್ಗೆ ನನಗೂ ಗೌರವ ಇದೆ ರೀ. ಆದರೆ ಕಂಪನಿ ನಾಟಕಗಳ ಹಾಸ್ಯ ಬರಬರುತ್ತಾ ಡಬಲ್ ಮೀನಿಂಗ್ ಕಡೆ ವಾಲಿತು, ಮನೆಮಂದಿ ಕೂಡಿ ಬರುವುದು ಕಡಿಮೆಯಾಯಿತು. ಭಾಷಣದಲ್ಲಿ ಇದನ್ನೂ ಮುಚ್ಚಿಡಬೇಡಿ.

ಧಾರವಾಡ ಪೇಢೆ:
ಒಪ್ಪುತ್ತೇನೆ ಅಣ್ಣಾ. ಆದರೆ ಟಿವಿ ಬಂದ ಮೇಲೆ ಟೆಂಟ್ ಖಾಲಿಯಾಗತೊಡಗಿತ್ತು. ಐವತ್ತು ಜನರ ಹೊಟ್ಟೆ ನಡೆಸುವ ಮಾಲೀಕ ಏನು ಮಾಡಬೇಕು? ಟಿಕೆಟ್ ದುಡ್ಡಿನಲ್ಲೇ ಎಲ್ಲರ ಪಗಾರ, ಊಟ, ಲಾರಿ ಬಾಡಿಗೆ. ಕಂಪನಿ ನಾಟಕ ಅಂದರೆ ಕೀಳು ಎಂದು ಮೂಗು ಮುರಿಯುವವರು ಧಾರವಾಡದಲ್ಲಿ ಬಹಳ ಜನ ಇದ್ದಾರೆ. ಅಂಥ ಊರಿನ ರಂಗಾಯಣಕ್ಕೆ, ಅಂದರೆ ಸರ್ಕಾರದ ನಾಟಕ ಸಂಸ್ಥೆಗೆ, ಈ ಕಂಪನಿ ಮನುಷ್ಯನನ್ನೇ ನಿರ್ದೇಶಕರನ್ನಾಗಿ ಮಾಡಿದರಲ್ಲ, ನನಗಂತೂ ಎದೆ ತುಂಬಿ ಬಂದಿತ್ತು. ಯಾವ ಸಿನಿಮಾಕ್ಕಿಂತಲೂ ಅದೇ ದೊಡ್ಡದು. ಆ ಹುದ್ದೆಯಲ್ಲಿದ್ದಾಗಲೇ ಹೋಗಿಬಿಟ್ಟರು, 2025ರ ಅಕ್ಟೋಬರ್ 13ರಂದು. ಉಡುಪಿ ಕಡೆ ಶೂಟಿಂಗಿಗೆ ಹೋದಾಗ ಹೃದಯಾಘಾತವಾಗಿ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಇನ್ನೂ ಮಾಡುವುದು ಬಹಳ ಇತ್ತು ಅವರಿಗೆ.

ಹಾವೇರಿ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮೊದಲು 'ಕಲಿಯುಗದ ಕುಡುಕ'ದ ಐದು ನಿಮಿಷ ಆಡಿಯೋ ಕೇಳಿಸಿ, ಆಮೇಲೆ ಮಾತು ಶುರು ಮಾಡುತ್ತೇನೆ. ಪರದೆ ಮುಂದೆ ಮಾತು ಬೆಳೆಸುವುದನ್ನು, ಡಬಲ್ ಮೀನಿಂಗ್ ವಿಷಯವನ್ನು ಎರಡನ್ನೂ ಹೇಳುತ್ತೇನೆ. ಹಾವೇರಿ, ರಾಣೆಬೆನ್ನೂರು ಕಡೆ ಅವರ ನಾಟಕವನ್ನು ಟೆಂಟಿನಲ್ಲಿ ಕೂತು ನೋಡಿದವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ. ಆವತ್ತು ಜನ ಯಾವ ಮಾತಿಗೆ ಒನ್ಸ್ ಮೋರ್ ಅಂದರು ಅನ್ನುವುದು ಗೊತ್ತಾದರೆ ಇನ್ನೂ ಚಲೋ.