ಬಿಡಿಎಸ್ (ದಂತವೈದ್ಯ), ಎಂಪಿಎಚ್ (ಸಾರ್ವಜನಿಕ ಆರೋಗ್ಯ) ಆದಮೇಲೆ ಡಿಜಿಟಲ್ ಆರೋಗ್ಯದ ಎಥಿಕ್ಸ್‌ನಲ್ಲಿ ಪಿಎಚ್‌ಡಿ: ಹುಚ್ಚುತನವಾ?

ಪ್ರಶ್ನೆ
ಎರಡು ವರ್ಷದಿಂದ ಒಂದು ಆಸ್ಪತ್ರೆಯಲ್ಲಿ ಡೇಟಾ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಹೋದ ತಿಂಗಳು ಮಂಡಿ ನೋವು ಅಂತ ಒಬ್ಬ ಅಜ್ಜಿ ಬಂದಿದ್ದರು. ಚೀಟಿ ಕೊಡುವ ಹುಡುಗ ಆಧಾರ್ ಇಸ್ಕೊಂಡು ಆಭಾ ನಂಬರ್ (ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಸರ್ಕಾರಿ ಗುರುತಿನ ಸಂಖ್ಯೆ) ಮಾಡಲು ಕೂತ. ಒಟಿಪಿ ಹೋಗಿದ್ದು ದಾವಣಗೆರೆಯಲ್ಲಿ ಗಾರೆ ಕೆಲಸದಲ್ಲಿದ್ದ ಮೊಮ್ಮಗನಿಗೆ. ಅವನು ಫೋನಲ್ಲೇ ಅಂಕಿ ಹೇಳಿದ. ‘ಒಪ್ಪಿಗೆ ಇದೆ’ ಅನ್ನೋ ಚೌಕಕ್ಕೆ ಹುಡುಗನೇ ಟಿಕ್ ಹಾಕಿದ. ಅಜ್ಜಿ ಕೇಳಿದ್ದು ಒಂದೇ ಮಾತು: "ಇದು ಪಿಂಚಣಿಗಾ?"
ಇದನ್ನೇ ಓದಬೇಕು ಅನಿಸಿದೆ. ದಾರಿ ಇದೆಯಾ?

ಉತ್ತರ 1
ಸುಮ್ನೆ ಕ್ಲಿನಿಕ್ ಹಾಕಿ. ಎಥಿಕ್ಸ್ ಓದಿದವರಿಗೆ ಹುದ್ದೆ ಎಲ್ಲಿದೆ? ನಮ್ಮ ಕಾಲೇಜಲ್ಲಿ ಆ ಪಾಠ ಫಾರ್ಮಕಾಲಜಿಯವರ ತಲೆಗೆ ಕಟ್ಟಿದ್ದಾರೆ.

ಉತ್ತರ 2
ಹುದ್ದೆಯ ಮಾತು ನಿಜ. ‘ಎಥಿಕ್ಸ್’ ಅಂತ ಬೋರ್ಡ್ ಇರುವ ಕುರ್ಚಿ ಕಡಿಮೆ. ನಾನು ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಕೂತು ಇದೇ ಕೆಲಸ ಮಾಡುತ್ತೇನೆ. ಕೆಲವರು ಲಾ ಕಾಲೇಜಿನಲ್ಲಿದ್ದಾರೆ. ಹಾಗಾಗಿ ವಿಭಾಗದ ಹೆಸರು ನೋಡಬೇಡಿ, ಗೈಡ್ ಏನು ಬರೆದಿದ್ದಾರೆ ನೋಡಿ.

ನಿಮ್ಮ ಕೈಯಲ್ಲಿ ಒಳ್ಳೆ ವಿಷಯ ಇದೆ. ಆಭಾ ಕಡ್ಡಾಯ ಅಲ್ಲ, ಆದರೆ ಕೌಂಟರ್ ಮುಂದೆ ನಿಂತವರಿಗೆ ಅದು ಹೇಗೆ ಗೊತ್ತಾಗಬೇಕು? 2023ರ ಡೇಟಾ ಸಂರಕ್ಷಣಾ ಕಾಯ್ದೆ ಓದಿ. ಸಮ್ಮತಿ ಕೇಳುವಾಗ ಇಂಗ್ಲಿಷ್ ಅಥವಾ ಸಂವಿಧಾನದ 22 ಭಾಷೆಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಲು ಬಿಡಬೇಕು ಅನ್ನುತ್ತದೆ. ಅಂದರೆ ಕನ್ನಡವೂ ಬಂತು. ಆದರೆ ಎಂಥ ಕನ್ನಡ? ‘ದತ್ತಾಂಶ ವಿಶ್ವಾಸಧಾರಿ’ (ಡೇಟಾ ಫಿಡ್ಯೂಷಿಯರಿ, ಅಂದರೆ ನಮ್ಮ ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕು ಅಂತ ತೀರ್ಮಾನಿಸುವ ಸಂಸ್ಥೆ) ಅಂತ ಬರೆದರೆ ಅಜ್ಜಿ ಇರಲಿ, ನನಗೇ ಅರ್ಥವಾಗಲ್ಲ. ಇದರ ಮೇಲೆ ಒಂದು ಪಿಎಚ್‌ಡಿ ಆರಾಮಾಗಿ ಆಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪನ್ನೂ ಓದಿ (ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಗೊತ್ತಲ್ವಾ?). ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ತಂದ ಎಐ ಮಾರ್ಗಸೂಚಿಯೂ ಬೇಕಾಗುತ್ತದೆ. ಇನ್ನೊಂದು, ಕೌಂಟರಲ್ಲಿ ನೋಡಿದ್ದನ್ನು ಹಾಗೇ ಪೇಪರ್ ಮಾಡಿ ಕಳಿಸಬೇಡಿ. ಮೊದಲು ಎಥಿಕ್ಸ್ ಕಮಿಟಿ ಒಪ್ಪಿಗೆ. ಸಮ್ಮತಿಯ ಬಗ್ಗೆ ಬರೆಯುವವರೇ ಸಮ್ಮತಿ ಕೇಳಲಿಲ್ಲ ಅಂತಾಗಬಾರದು.

ದುಡ್ಡು? ಕ್ಲಿನಿಕ್‌ಗಿಂತ ಕಡಿಮೆಯೇ. ಮನೆಯವರ ಹತ್ತಿರ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಇವತ್ತು ಆ ಹುಡುಗನಿಗೆ ಟಿಕ್ ಹಾಕೋ ಮುಂಚೆ ಸ್ಕ್ರೀನ್ ಮೇಲೆ ಇರೋದನ್ನು ಜೋರಾಗಿ ಓದು ಅಂದೆ. ಅರ್ಧಕ್ಕೆ ನಿಲ್ಲಿಸಿ, "ಇಷ್ಟುದ್ದ ಇದೆಯಾ ಮೇಡಂ?" ಅಂದ.