ಕ್ರ್ಯಾಪಿ ಟ್ರೋಲಿಂಗ್: ರಾಡ್ ಬದಲಿಸಬೇಕಾ, ದಾರ ಬದಲಿಸಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮೆಂಫಿಸ್‌ನಲ್ಲಿದ್ದೇನೆ. ಬೇಸಿಗೆಯಲ್ಲಿ ಅಪ್ಪನನ್ನು ಕರೆದುಕೊಂಡು ಮಿಸಿಸಿಪ್ಪಿಯ ಎನಿಡ್ ಜಲಾಶಯಕ್ಕೆ ಕ್ರ್ಯಾಪಿ ಎಂಬ ಸಿಹಿನೀರಿನ ಮೀನು ಹಿಡಿಯಲು ಹೋಗುತ್ತೇನೆ. 1957ರಲ್ಲಿ 5 ಪೌಂಡ್ 3 ಔನ್ಸ್ ತೂಕದ ವಿಶ್ವದಾಖಲೆಯ ವೈಟ್ ಕ್ರ್ಯಾಪಿ ಸಿಕ್ಕಿದ್ದು ಅಲ್ಲೇ.

ದೋಣಿಯ ಹಿಂದೆ ನಾಲ್ಕು ರಾಡ್ ಇಟ್ಟು ಬ್ಯಾಂಡಿಟ್ 300 ಕ್ರ್ಯಾಂಕ್‌ಬೈಟ್ (ಎಳೆದಾಗ ಆಳಕ್ಕೆ ಇಳಿಯುವ, ಮೀನಿನಾಕಾರದ ನಕಲಿ ಎರೆ) ಎಳೆಯುತ್ತೇವೆ, ಅದೇ ಟ್ರೋಲಿಂಗ್. ವೇಗ ಗಂಟೆಗೆ ಸುಮಾರು 1.5 ಮೈಲಿ. ಮೀನು ಕಚ್ಚುತ್ತದೆ, ಆದರೆ ದೋಣಿಯ ಹತ್ತಿರ ಬರುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತದೆ. ಕ್ರ್ಯಾಪಿಯ ಬಾಯಿ ಕಾಗದದಷ್ಟು ತೆಳು, ಕೊಕ್ಕೆ ಹರಿದುಕೊಂಡು ಬರುತ್ತದೆ ಅಲ್ವಾ? ಹೋದ ವಾರ ಅಪ್ಪನ ಕೈಗೆ ಬಂದಿದ್ದ ದೊಡ್ಡ ಮೀನು ಹೀಗೇ ಹೋಯಿತು. ತುಂಬಾ ಬೇಜಾರಾಯಿತು.

ನನ್ನ ಹತ್ತಿರ ಇರುವುದು ಬಾಸ್ ಮೀನು ಹಿಡಿಯುವ ಗಟ್ಟಿ ರಾಡ್‌ಗಳು, ಏಳು ಅಡಿಯವು, ಹೆಣೆದ ದಾರ. ರೀಲ್‌ನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ಸಡಿಲ ಮಾಡಿದೆ. ವೇಗ ಕಡಿಮೆ ಮಾಡಿದೆ. ನಿಧಾನವಾಗಿ ಸುತ್ತಿ ನೋಡಿದೆ. ಪ್ರಯೋಜನವಾಗಲಿಲ್ಲ. ಲೈನ್ ಕೌಂಟರ್ ರೀಲ್ ಇಲ್ಲದ್ದರಿಂದ ಎಷ್ಟು ದಾರ ಬಿಟ್ಟೆ ಎಂದು ಅಂದಾಜಿನ ಮೇಲೇ ಹೋಗಬೇಕು. ಒಂದು ಸಲ ಮೀನು ಸಿಕ್ಕ ಆಳಕ್ಕೆ ಮತ್ತೆ ಇಳಿಸಲು ಆಗುತ್ತಿಲ್ಲ.

ಗೊಂದಲ ಇಲ್ಲಿದೆ. ಮಾನೋ ದಾರ (ಒಂದೇ ಎಳೆಯ ನೈಲಾನ್ ದಾರ) ಹಿಗ್ಗುತ್ತದೆ, ಮೀನಿನ ಬಾಯಿ ಉಳಿಯುತ್ತದೆ. ಆದರೆ ಅದು ದಪ್ಪ, ಕ್ರ್ಯಾಂಕ್‌ಬೈಟ್ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಹೆಣೆದ ದಾರ ಆಳಕ್ಕೆ ಇಳಿಸುತ್ತದೆ, ಆದರೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ.

ನನ್ನ ಬಜೆಟ್ 300 ಡಾಲರ್. ಇದರಲ್ಲಿ ಈ ದಾರವನ್ನೇ ಇಟ್ಟುಕೊಂಡು ಮೆತ್ತಗಿನ ಉದ್ದ ರಾಡ್ ಕೊಳ್ಳಲಾ? ಅಥವಾ ಈಗಿನ ರಾಡ್‌ಗಳಿಗೇ ಲೈನ್ ಕೌಂಟರ್ ರೀಲ್ ಹಾಕಿ ಮಾನೋ ಸುತ್ತಲಾ? ಮಾನೋ ಆದರೆ ಎಷ್ಟು ಪೌಂಡ್ ಭಾರ ತಡೆಯುವಂಥದ್ದು?