ಕ್ಲಾಸಿನಲ್ಲಿ ನುಡಿಸಲು ಹವಾಯಿ ಸ್ಲ್ಯಾಕ್ ಕೀ ರಚನೆ ಯಾವುದು ಆರಿಸಲಿ? ಬಲ್ಲವರು ಹೇಳಿ

ಪ್ರಶ್ನೆ

ವಿಶ್ವಸಂಗೀತದ ಕ್ಲಾಸಿಗೆ ಹವಾಯಿಯ ಸ್ಲ್ಯಾಕ್ ಕೀ ಗಿಟಾರ್ ರಚನೆಯೊಂದನ್ನು ನುಡಿಸಬೇಕು. ಸಮಯ ನಾಲ್ಕು ನಿಮಿಷ, ಪರಿಚಯದ ಮಾತೂ ಅದರೊಳಗೇ. ತಯಾರಿಗೆ ಐದು ವಾರ ಇದೆ. ಗಿಟಾರ್ ಹಿಡಿದು ಎರಡು ವರ್ಷ, ಬೆರಳಲ್ಲಿ ಮೀಟುವುದು ತಕ್ಕಮಟ್ಟಿಗೆ ಬರುತ್ತದೆ, ಮಾಮೂಲಿ ಶ್ರುತಿ ಬಿಟ್ಟು ಬೇರೆ ಗೊತ್ತಿಲ್ಲ. ಸ್ಟೀಲ್ ತಂತಿಯ ಅಕೌಸ್ಟಿಕ್, 12ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಪಾಲು). ಮನಸ್ಸಿನಲ್ಲಿರುವುದು ಮೂರು: ‘ಒಪಿಹಿ ಮೊಎಮೊಎ’, ‘ಅಲೊಹ ಒಎ’, ‘ಹಿಇಲಾವೆ’. ಯಾವುದು ಕೈಗೆ ಎಟುಕೀತು? ಎಲ್ಲಿ ಎಡವುತ್ತಾರೆ?

ಗಿಟಾರ್ ಕಲಿಸುವವರೊಬ್ಬರ ಉತ್ತರ

ರಚನೆಗೆ ಮೊದಲು ಶ್ರುತಿ ಆರಿಸಿ. ಸ್ಲ್ಯಾಕ್ ಕೀ ಎಂದರೆ ಹವಾಯಿ ಮಾತಿನಲ್ಲಿ ‘ಕೀ ಹೋಅಲು’, ಬಿರಡೆ ಸಡಿಲಿಸುವುದು. ಹೆಸರೇ ಶ್ರುತಿಯ ಮೇಲೆ ನಿಂತಿದೆ. ಹೊಸಬರಿಗೆ ‘ಟಾರೊ ಪ್ಯಾಚ್’ ಸಾಕು, ಅಂದರೆ ಕೆಸುವಿನ ಗದ್ದೆ. (ಪತ್ರೊಡೆ ತಿನ್ನುವ ನಮಗೆ ಹೆಸರು ಮರೆಯುವ ಭಯವಿಲ್ಲ.) ದಪ್ಪ ತಂತಿಯಿಂದ ತೆಳುವಿನ ಕಡೆಗೆ ಡಿ ಜಿ ಡಿ ಜಿ ಬಿ ಡಿ. ಮಾಮೂಲಿ ಶ್ರುತಿಯಲ್ಲಿ ಬದಲಾಗುವುದು ಮೂರೇ ತಂತಿ: 6ನೆಯದು ಇ ಇಂದ ಡಿ, 5ನೆಯದು ಎ ಇಂದ ಜಿ, 1ನೆಯದು ಇ ಇಂದ ಡಿ.

ಜಿ ಯನ್ನು ಷಡ್ಜ ಮಾಡಿಕೊಂಡರೆ ಇದು ಪ ಸ ಪ ಸ ಗ ಪ. ಏನೂ ಒತ್ತದೆ ಮೀಟಿದರೂ ತಂಬೂರಿಯಂತೆ ಹಿಡಿದು ನಿಲ್ಲುತ್ತದೆ. ಎಡಗೈ ಒಂದು ಕ್ಷಣ ತಪ್ಪಿದರೂ ಹೆಬ್ಬೆರಳು ನಡೆಯುತ್ತಿದ್ದರೆ ಕೇಳುವವರಿಗೆ ತಪ್ಪು ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಕೈ ನಡುಗುವಾಗ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ನಿಮ್ಮ ಮೂರರಲ್ಲಿ ನನ್ನ ಮತ ‘ಒಪಿಹಿ ಮೊಎಮೊಎ’ಗೆ. ಹವಾಯಿಯ ಸ್ಲ್ಯಾಕ್ ಕೀ ವಾದಕ ಲೆನರ್ಡ್ ಕ್ವಾನ್ ಅವರದು, ಟಾರೊ ಪ್ಯಾಚ್ ಶ್ರುತಿ, ಹಾಡುವ ಗೋಜಿಲ್ಲ. ಒಪಿಹಿ ಎಂದರೆ ಕಡಲ ಬಂಡೆಗೆ ಕಚ್ಚಿಕೊಂಡಿರುವ ಚಿಪ್ಪುಜೀವಿ, ಮೊಎಮೊಎ ಎಂದರೆ ಮಲಗಿರುವುದು. ಹೆಸರಿನಲ್ಲೇ ಲಯವಿದೆ, ಅವಸರ ಮಾಡಬೇಡಿ.

‘ಹಿಇಲಾವೆ’ ಈಗ ಬೇಡ. ಅಲ್ಲಿಯ ವಾದಕ, ಗಾಯಕ ಗ್ಯಾಬಿ ಪಹಿನುಯಿ 1940ರ ದಶಕದಲ್ಲಿ ಅದನ್ನು ಧ್ವನಿಮುದ್ರಿಸಿದ್ದರಿಂದಲೇ ಸ್ಲ್ಯಾಕ್ ಕೀ ಮನೆಯಂಗಳದಿಂದ ಹೊರಗೆ ಬಂತು ಎನ್ನಬಹುದು. ಅಷ್ಟು ದೊಡ್ಡ ಹಾಡು. ಆದರೆ ಅದರ ಜೀವ ಇರುವುದು ಗಾಯನದಲ್ಲಿ. ಹಾಡುತ್ತಾ ಹೆಬ್ಬೆರಳು ಕಾಯುವುದು ಐದು ವಾರದ ಕೆಲಸವಲ್ಲ.

ಧಾರವಾಡದ ಕಡೆಯವರೊಬ್ಬರು

ಶ್ರುತಿ ಬಗ್ಗೆ ಸರ್ ಹೇಳಿದ್ದು ಖರೆ, ಆದರ ಒಂದು ಮಾತು ಬಿಟ್ಟಾರ. ಮೂರು ತಂತಿ ಇಳಿಸೂದು ಎರಡು ನಿಮಿಷದ ಕೆಲಸ, ಅವು ನಿಲ್ಲೂದಕ್ಕ ಅದಕ್ಕಿಂತ ಹೆಚ್ಚು ಹೊತ್ತು ಬೇಕ್ರಿ. ಸಡಿಲ ಮಾಡಿದ ತಂತಿ ಸ್ವಲ್ಪ ಹೊತ್ತಿನ ಮ್ಯಾಲೆ ತಾನಾಗೇ ಇಳೀತೈತಿ, ಯಾಕಂದ್ರ ನಟ್‌ನ ಗಾಡಿಯೊಳಗ (ಕತ್ತಿನ ತುದಿಯ ಪಟ್ಟಿಯೊಳಗ ತಂತಿ ಕೂಡೂ ಸೀಳಿನೊಳಗ) ಸಿಕ್ಕೊಂಡ ಬಿಗಿ ಆಮ್ಯಾಲೆ ಬಿಡ್ತದ. ಅದಕ್ಕ ಬೇಕಾದ ಸ್ವರಕ್ಕಿಂತ ಕೆಳಗ ಇಳಿಸ್ರಿ, ತಂತಿ ಹಗೂರಕ ಎಳದು ಬಿಡ್ರಿ, ಅಲ್ಲಿಂದ ಮ್ಯಾಲೆ ತರ್ರಿ. ಬಿರಡಿ ತಿರುವುವಾಗ ‘ಟಿಣ್’ ಅಂತ ಸಪ್ಪಳ ಬಂದ್ರ ನಟ್‌ನ ಗಾಡಿಗೆ ಪೆನ್ಸಿಲ್ ಸೀಸ ತಿಕ್ರಿ.

ಟ್ಯೂನರ್ ಸುಳ್ಳು ಹೇಳಿದಂಗ ಅನ್ನಿಸಿದ್ರ ಕಿವಿಯಿಂದ ನೋಡೂದು ಹಿಂಗ: 4ನೇ ತಂತಿ ಮುಟ್ಟಬ್ಯಾಡ್ರಿ, ಅದು ಡಿ ಇದ್ದೇ ಇರ್ತದ. 6ನೇದು ಅದರ ಒಂದು ಸ್ಥಾಯಿ ಕೆಳಗ. 5ನೇ ತಂತಿ 7ನೇ ಫ್ರೆಟ್ಟಿನ್ಯಾಗ (ಫ್ರೆಟ್ ಅಂದ್ರ ಕತ್ತಿನ ಮ್ಯಾಲಿನ ಲೋಹದ ಅಡ್ಡಪಟ್ಟಿ) ಒತ್ತಿದ್ರ 4ನೇ ತಂತಿಗೆ ಕೂಡಬೇಕು. 2ನೇ ತಂತಿ 3ನೇ ಫ್ರೆಟ್ ಒತ್ತಿದ್ರ 1ನೇ ತಂತಿಗೆ ಕೂಡಬೇಕು. ಅಷ್ಟ.

ಕ್ಲಾಸಿನೊಳಗ ಎಲ್ಲರ ಮುಂದ ಶ್ರುತಿ ಬದಲಿಸಬ್ಯಾಡ್ರಿ. ಹಿಂದಿನ ರಾತ್ರಿನೇ ಇಳಿಸಿ ಇಡ್ರಿ. ಗಿಟಾರ್ ಕಾರಿನೊಳಗ ಬಿಸಲಾಗ ಬಿಟ್ರ ಮಾತ್ರ ಎಲ್ಲಾ ನೀರಾಗ ಹ್ವಾದಂಗ.

ಹವಾಯಿಯ ಹಾಡುಗಳನ್ನು ಹಾಡುವವರೊಬ್ಬರು

‘ಅಲೊಹ ಒಎ’ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ. ಸಿನಿಮಾ, ಕಾರ್ಟೂನುಗಳಲ್ಲಿ ಸವೆದು ಹೋಗಿದೆ, ಶುರುವಾದ ಕೂಡಲೇ ಕ್ಲಾಸು ನಗಬಹುದು. ಅದು ನಿಜ. ಆದರೆ ಲಿಲಿಉಒಕಲಾನಿ ಇದನ್ನು ಬರೆದದ್ದು 1878ರಲ್ಲಿ, ಹವಾಯಿಯ ರಾಣಿಯಾಗುವ ಮೊದಲು. ಒಆಹು ದ್ವೀಪದ ಮೌನವಿಲಿ ರ‍್ಯಾಂಚಿನಲ್ಲಿ ಕಂಡ ಒಂದು ವಿದಾಯದ ಅಪ್ಪುಗೆಯಿಂದ ಹುಟ್ಟಿದ್ದು. 1891ರಲ್ಲಿ ಪಟ್ಟಕ್ಕೆ ಬಂದರು, 1893ರಲ್ಲಿ ಪದಚ್ಯುತರಾದರು. ಆಮೇಲೆ ಅದೇ ಹಾಡು ರಾಜ್ಯಕ್ಕೇ ಹೇಳಿದ ವಿದಾಯದಂತೆ ಕೇಳತೊಡಗಿತು. ಇಷ್ಟನ್ನು ಮೂರು ವಾಕ್ಯದಲ್ಲಿ ಹೇಳಿ ನಿಧಾನವಾಗಿ ನುಡಿಸಿದರೆ ನಗು ತಾನೇ ನಿಲ್ಲುತ್ತದೆ.

ಕೈಗೂ ಸುಲಭ. ಪಲ್ಲವಿಯ ಕಾರ್ಡುಗಳು ಜಿ ಶ್ರುತಿಯಲ್ಲಿ: ಸಿ, ಜಿ, ಡಿ7, ಜಿ, ಮತ್ತೆ ಸಿ, ಜಿ, ಡಿ7, ಜಿ. ಸಿ ಗೆ 5ನೇ ಫ್ರೆಟ್ ಬ್ಯಾರೆ (ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತುವುದು) ಹಾಕಬಹುದು. ಆದರೆ 4ನೇ ತಂತಿಯ 2ನೇ ಫ್ರೆಟ್, 2ನೇ ತಂತಿಯ 1ನೇ ಫ್ರೆಟ್, 1ನೇ ತಂತಿಯ 2ನೇ ಫ್ರೆಟ್ ಒತ್ತಿ 3ನೆಯದನ್ನೂ 5ನೆಯದನ್ನೂ ತೆರೆದು ಬಿಡಿ; ಬೇಸಿನಲ್ಲಿ ಜಿ ಮೊಳಗುತ್ತಿರುವುದರಿಂದ ನಾದ ತುಂಡಾಗುವುದಿಲ್ಲ.

ಹಾಡುವುದಾದರೆ ಕನ್ನಡದವರಿಗೆ ಒಂದು ಅನುಕೂಲ: ಹವಾಯಿ ಭಾಷೆಯಲ್ಲೂ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುತ್ತದೆ, ಬರೆದ ಸ್ವರವನ್ನೆಲ್ಲ ಉಚ್ಚರಿಸಬೇಕು. ‘ಒಎ’ಯನ್ನು ‘ಓಯ್’ ಮಾಡಬೇಡಿ. ಒ ಎ ಎರಡೂ ಹ್ರಸ್ವ, ‘ಒ’ಗೆ ಮೊದಲು ಗಂಟಲಲ್ಲಿ ಸಣ್ಣ ತಡೆ.

ಒಂದು ಎಚ್ಚರಿಕೆ. ರಾಗ ಚೆನ್ನಾಗಿದೆ ಎಂದು ‘ಕೌಲನ ನಾ ಪುಅ’ವನ್ನು ಲಘುವಾಗಿ ಎತ್ತಿಕೊಳ್ಳಬೇಡಿ. ಅದು 1893ರ ಪ್ರತಿಭಟನೆಯ ಹಾಡು. ಕೇಳಲು ಉಲ್ಲಾಸ, ಸಾಹಿತ್ಯದಲ್ಲಿ ಸಿಟ್ಟು. ಹವಾಯಿಯ ಹಾಡುಗಳಲ್ಲಿ ‘ಕಒನ’ ಎಂಬುದಿದೆ. ನಮ್ಮ ಕಾವ್ಯಮೀಮಾಂಸೆಯ ಧ್ವನಿಗೆ ಹತ್ತಿರ: ಹೂವು, ಜಲಪಾತ ಎಂದು ಹಾಡಿದರೂ ಮಾತು ಮನುಷ್ಯರದು. ‘ಹಿಇಲಾವೆ’ ವೈಪಿಒ ಕಣಿವೆಯ ಜಲಪಾತದ ಹೆಸರು, ಹಾಡಿನೊಳಗೆ ಇರುವುದು ಪ್ರೇಮ ಮತ್ತು ಊರ ಬಾಯಿ.

ಗಿಟಾರ್ ಕಲಿಸುವವರು, ಮತ್ತೆ

ಮೇಡಂ ಹೇಳಿದ್ದಕ್ಕೆ ಒಪ್ಪಿಗೆ. ಯಾವುದನ್ನೇ ಆರಿಸಿದರೂ ವ್ಯಾಂಪ್ ಬರದೆ ಸ್ಲ್ಯಾಕ್ ಕೀ ಆಗುವುದಿಲ್ಲ. ಚರಣ ಚರಣದ ನಡುವೆ ಬರುವ ಎರಡು ಬಾರಿನ (ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ತುಣುಕು ಅದು. ಹುಲಾ ಕುಣಿಯುವವರು ಮುಂದಿನ ಚರಣಕ್ಕೆ ಅಣಿಯಾಗುವ ಜಾಗ. ಜಿ ಯಲ್ಲಿ ಎ7 ಎರಡು ಬೀಟ್, ಡಿ7 ಎರಡು, ಜಿ ನಾಲ್ಕು.

ಎ7: ತೋರುಬೆರಳಿಂದ 2ನೇ ಫ್ರೆಟ್ ಬ್ಯಾರೆ, ಕಿರುಬೆರಳು 1ನೇ ತಂತಿಯ 5ನೇ ಫ್ರೆಟ್ಟಿನಲ್ಲಿ. ಡಿ7: 2ನೇ ತಂತಿ 1ರಲ್ಲಿ ತೋರುಬೆರಳು, 3ನೇ ತಂತಿ 2ರಲ್ಲಿ ನಡುಬೆರಳು, 1ನೇ ತಂತಿ 4ರಲ್ಲಿ ಕಿರುಬೆರಳು. ಜಿ ಗೆ ಎಡಗೈ ಎತ್ತಿಬಿಡಿ.

ಕೆಡುವುದು ಬಲಗೈ ಹೆಬ್ಬೆರಳಲ್ಲಿ. ಎ7ನಲ್ಲಿ ಬೇಸ್ 5ನೇ ತಂತಿಯಿಂದ ಶುರು, ಡಿ7ನಲ್ಲಿ 6ರಿಂದ, ಜಿ ಯಲ್ಲಿ ಮತ್ತೆ 5ರಿಂದ. ಅಭ್ಯಾಸಬಲದಿಂದ ಡಿ7ಗೂ ಹೆಬ್ಬೆರಳು 5ನೇ ತಂತಿಗೆ ಬೀಳುತ್ತದೆ. ಅಲ್ಲಿರುವುದು ತೆರೆದ ಜಿ. ಮೇಲೆ ಎಫ್ ಶಾರ್ಪ್ ನುಡಿಯುತ್ತಿರುವಾಗ ಕೆಳಗೆ ಜಿ ಮೊಳಗಿದರೆ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ. ಎಡಗೈ ಮಡಿಲಲ್ಲಿಟ್ಟು ಬರೀ ಹೆಬ್ಬೆರಳಿಗೆ ಕೊನ್ನಕ್ಕೋಲಿನಂತೆ ಬಾಯಲ್ಲಿ ಹೇಳಿಕೊಡಿ: ಐದು ನಾಲ್ಕು, ಆರು ನಾಲ್ಕು, ಐದು ನಾಲ್ಕು, ಐದು ನಾಲ್ಕು. ಮೊದಲ ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ. ಅಂಗೈ ಬ್ರಿಜ್ಜಿನ ಮೇಲೆ ಊರಿ ಬೇಸನ್ನು ಅದುಮಬೇಡಿ. ತಂತಿ ತನ್ನಷ್ಟಕ್ಕೆ ಮೊಳಗಲಿ. ಆ ಮೆತ್ತನೆಯ ಇಂಪಿಗೆ ಅಲ್ಲಿ ‘ನಹೆನಹೆ’ ಎನ್ನುತ್ತಾರೆ.

ಎರಡನೆಯ ಸುತ್ತಿನಲ್ಲಿ ಅದನ್ನೇ ನುಡಿಸಿದರೆ ಸಪ್ಪೆ. 1 ಮತ್ತು 3ನೇ ತಂತಿಗಳನ್ನು ಜೋಡಿಯಾಗಿ ಮೀಟಿ. 1ನೇ ತಂತಿಯ ಫ್ರೆಟ್ ಮೊದಲು ಹೇಳುತ್ತೇನೆ: 4 ಮತ್ತು 2 ಡಿ7ಗೆ, 5 ಮತ್ತು 4 ಜಿ ಗೆ, 7 ಮತ್ತು 5 ಮತ್ತೆ ಡಿ7ಗೆ, 9 ಮತ್ತು 7 ಜಿ, 10 ಮತ್ತು 9 ಸಿ. ಈ ಏಣಿಯ ಮೇಲೆ ಜಾರುತ್ತಾ ಹತ್ತಿ ಇಳಿದರೆ ಅರ್ಧ ಸ್ಲ್ಯಾಕ್ ಕೀ ಅಲ್ಲೇ ಇದೆ. ಕರ್ನಾಟಕ ಸಂಗೀತ ಕಲಿತ ಕೈಯಾದರೆ ಗಮಕದ ಆಸೆ ತಡೆದುಕೊಳ್ಳಿ, ಸಡಿಲ ತಂತಿ ಸ್ವಲ್ಪ ಎಳೆದರೂ ಸ್ವರ ಅತಿಯಾಗಿ ಏರುತ್ತದೆ.

ಕೇಳಿದವರು

ತುಂಬಾ ಉಪಕಾರ. ಟಾರೊ ಪ್ಯಾಚ್‌ಗೆ ಇಳಿಸಿದೆ. 6ನೇ ತಂತಿ ಜೋರಾಗಿ ಮೀಟಿದರೆ ಫ್ರೆಟ್ಟಿಗೆ ತಾಗಿ ಗರ‍್ರ್ ಎನ್ನುತ್ತಿದೆ. ತಂತಿ ಬದಲಿಸಬೇಕೆ? ಮತ್ತೆ, ‘ವಹಿನೆ’ ಶ್ರುತಿ ಇನ್ನೂ ಚಂದ ಕೇಳುತ್ತದಲ್ಲ, ಅದನ್ನು ಹಿಡಿದರೆ ಹೇಗೆ?

ಗಿಟಾರ್ ರಿಪೇರಿ ಬಲ್ಲವರು

ಇ ಇಂದ ಡಿ ಗೆ ಇಳಿದರೆ ಆ ತಂತಿಯ ಬಿಗಿ ಸುಮಾರು 5ರಲ್ಲಿ 1 ಪಾಲು ಕಡಿಮೆಯಾಗುತ್ತದೆ. ಸಡಿಲ ತಂತಿ ಅಗಲವಾಗಿ ಆಡುತ್ತದೆ, ಫ್ರೆಟ್ಟಿಗೆ ತಾಗುತ್ತದೆ. ಜೊತೆಗೆ ಒಟ್ಟು ಎಳೆತ ತಗ್ಗಿದಾಗ ಕತ್ತು ಕೊಂಚ ನೆಟ್ಟಗಾಗಿ ತಂತಿ ಫ್ರೆಟ್ಟಿಗೆ ಇನ್ನೂ ಹತ್ತಿರ ಬರುತ್ತದೆ. ಟಾರೊ ಪ್ಯಾಚ್‌ಗೆ 12ರ ಸೆಟ್ ಸಾಕು. ಮೊದಲು ಮೀಟುವುದು ಹಗುರ ಮಾಡಿ, ಹೆಬ್ಬೆರಳು ತಂತಿಯನ್ನು ಮೇಲೆತ್ತಿ ಬಿಡದೆ ಪಕ್ಕಕ್ಕೆ ತಳ್ಳಲಿ. ಆಗಲೂ ನಿಲ್ಲದಿದ್ದರೆ 13ರ ಸೆಟ್. ಪ್ರದರ್ಶನಕ್ಕೆ ಒಂದು ವಾರ ಮೊದಲೇ ಹಾಕಿ, ಹೊಸ ತಂತಿ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತದೆ. 6ನೆಯದನ್ನು ಸಿ ವರೆಗೆ ಇಳಿಸುವ ಶ್ರುತಿಗಳಲ್ಲಿ ಬಿಗಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ, ಅವುಗಳಿಗೆ ದಪ್ಪ ತಂತಿ ಬೇಕೇ ಬೇಕು.

ಜಿ ವಹಿನೆ ಎಂದರೆ ಟಾರೊ ಪ್ಯಾಚ್‌ನಲ್ಲಿ 3ನೇ ತಂತಿಯನ್ನು ಜಿ ಇಂದ ಎಫ್ ಶಾರ್ಪ್‌ಗೆ ಇಳಿಸುವುದು: ಪ ಸ ಪ ನಿ ಗ ಪ. ಆ ನಿಷಾದವನ್ನು 1ನೇ ಫ್ರೆಟ್ಟಿಗೆ ಬಡಿದು ಷಡ್ಜ ಮಾಡುವ ಹ್ಯಾಮರ್ ಆನ್‌ನಲ್ಲೇ ಅದರ ಸೊಗಸು. ಮೀಟಿದ ಮೇಲೆ ಬೆರಳು ತಡವಾದರೆ ನಿಷಾದ ನೇತಾಡುತ್ತದೆ, ಬೇಗ ಬಡಿದರೆ ಕೇಳುವುದೇ ಇಲ್ಲ. ತೆರೆದ ತಂತಿ ಇನ್ನು ನಿಮ್ಮನ್ನು ಕಾಯುವುದಿಲ್ಲ. ಈ ಸಲ ಬೇಡ.

ಹಾಡುವವರು, ಮತ್ತೆ

ಪರಿಚಯದ ಮಾತಿನಲ್ಲಿ ಒಂದು ಗೊಂದಲ ಬಿಡಿಸಿ. ಭಾರತದಲ್ಲಿ ‘ಹವಾಯನ್ ಗಿಟಾರ್’ ಎಂದರೆ ಮಡಿಲಲ್ಲಿ ಅಡ್ಡ ಮಲಗಿಸಿ ತಂತಿಯ ಮೇಲೆ ಸ್ಟೀಲ್ ಸರಳು ಜಾರಿಸುವ ವಾದ್ಯ. ಹಿಂದೂಸ್ತಾನಿ ಸ್ಲೈಡ್ ಗಿಟಾರ್ ಆ ಕವಲಿನದು. ಅದಕ್ಕೂ ಹವಾಯಿಯೇ ತವರು, ಆದರೆ ಸ್ಲ್ಯಾಕ್ ಕೀ ಬೇರೆ. ಇಲ್ಲಿ ಎಡಗೈ ಬೆರಳೇ ಒತ್ತಬೇಕು. ಹುಟ್ಟಿನ ಕಥೆ ಚಿಕ್ಕದಾಗಿ: 1793ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರ್ ಹವಾಯಿಯ ದೊರೆ ಕಮೆಹಮೆಹನಿಗೆ ದನ ಕೊಟ್ಟ. ಕೊಲ್ಲಬಾರದೆಂಬ ‘ಕಪು’ ಇದ್ದುದರಿಂದ ಅವು ಕಾಡುಬಿದ್ದು ಬೆಳೆದವು. ಅವನ್ನು ಹಿಡಿತಕ್ಕೆ ತರಲು 1830ರ ದಶಕದಲ್ಲಿ ಆಗ ಮೆಕ್ಸಿಕೊಗೆ ಸೇರಿದ್ದ ಕ್ಯಾಲಿಫೋರ್ನಿಯಾದ ದನಗಾಹಿಗಳನ್ನು ಕರೆಸಿದರು, ಅವರೊಡನೆ ಗಿಟಾರ್ ಬಂತು. ಹವಾಯಿಯ ದನಗಾಹಿಗೆ ‘ಪನಿಒಲೊ’ ಎಂಬ ಹೆಸರು ‘ಎಸ್ಪಾನ್ಯೊಲ್’ನಿಂದ ಬಂದದ್ದು. ಹಲವು ಶ್ರುತಿಗಳನ್ನು ಮನೆತನಗಳು ಗುಟ್ಟಾಗಿ ಕಾಯ್ದುಕೊಂಡಿದ್ದವು. ಮುಕ್ಕಾಲು ನಿಮಿಷ ಸಾಕು.

ಉಳಿದದ್ದು ಮೂರು ಕಾಲು ನಿಮಿಷ. 16 ಬಾರಿನ ಸುತ್ತು ನಿಮಿಷಕ್ಕೆ 80 ಬೀಟ್‌ನಲ್ಲಿ 48 ಸೆಕೆಂಡ್. ಮೂರು ಸುತ್ತು, ಮೊದಲಿಗೆ, ನಡುವೆ ಎರಡು ಕಡೆ ಮತ್ತು ಕೊನೆಗೆ ವ್ಯಾಂಪ್ ಸೇರಿ 2 ನಿಮಿಷ 48 ಸೆಕೆಂಡ್. ಉಸಿರಾಡಲು ಜಾಗ ಉಳಿಯುತ್ತದೆ. ಹಾಡಿರುವ ರಚನೆಗಳಲ್ಲಿ ‘ಹಇನ’ ಎಂದು ಶುರುವಾಗುವ ಚರಣ ಬಂದರೆ ಹಾಡು ಮುಗಿಯುತ್ತಿದೆ ಎಂದರ್ಥ. ಧ್ವನಿಮುದ್ರಣ ಕೇಳುವಾಗ ಲೆಕ್ಕ ತಪ್ಪಿದರೆ ಅದನ್ನು ಹಿಡಿದುಕೊಳ್ಳಿ.

ಧಾರವಾಡದವರು, ಕಡೀಕ

ಮುಗಿಸೂದು ಹೆಂಗ ಅಂತ ಯಾರೂ ಹೇಳಲಿಲ್ಲ. ಈ ಶ್ರುತಿಯೊಳಗ ಗಂಟಿ ಸ್ವರ ಪುಕ್ಕಟ ಸಿಗ್ತಾವ. 4ರಿಂದ 1ನೇ ತಂತಿ ತನಕ 7ನೇ ಫ್ರೆಟ್ಟಿನ ಮ್ಯಾಲೆ ಹಾರ್ಮೊನಿಕ್ ಹಿಡದ್ರ ಡಿ ಕಾರ್ಡ್, 12ರಾಗ ಹಿಡದ್ರ ಜಿ. ಬೆರಳು ಫ್ರೆಟ್ ಪಟ್ಟಿಯ ನೇರ ಮ್ಯಾಲೆ ಇರಬೇಕ್ರಿ, ಎರಡರ ನಡುವ ಅಲ್ಲ. ಒತ್ತಬ್ಯಾಡ್ರಿ, ಮುಟ್ರಿ ಅಷ್ಟ. ಬಲಗೈ ಬ್ರಿಜ್ ಕಡೆ ಸರಿಸಿ ಮೀಟಿ, ಮೀಟಿದ ಕೂಡಲೇ ಎಡಗೈ ಎತ್ರಿ. ಕಡೀ ವ್ಯಾಂಪ್ ಆದ ಮ್ಯಾಲೆ 7, ಆಮ್ಯಾಲೆ 12. ಸದ್ದು ಪೂರ್ತಿ ಆರೂ ತನಕ ಗಿಟಾರ್ ಅಲುಗಾಡಿಸಬ್ಯಾಡ್ರಿ.